ಕಾಕಾನ ಬೆರಳು

ನಮ್ಮೂರ ಕ್ರಿಕೆಟ್ ತಂಡವನ್ನು ಅತಿ ಹೆಚ್ಚು ಸಲ ಸೋಲಿಸಿದವರು ಯಾರು ಎಂದು ಕೇಳಿದರೆ, ಡಾಬಕಾದವರೂ ಅಲ್ಲ, ಜನವಾಡದವರೂ ಅಲ್ಲ, ನಮ್ಮ ಕಾಕಾ! ಅವರು ಜೀವಮಾನದಲ್ಲಿ ಒಂದು ಚೆಂಡು ಎಸೆದವರಲ್ಲ, ಬ್ಯಾಟು ಮುಟ್ಟಿದವರಲ್ಲ. ಬಲಗೈಯ ತೋರುಬೆರಳು, ಅಷ್ಟೇ ಅವರ ಆಯುಧ. ಅದನ್ನೂ ನಮ್ಮವರ ಮೇಲಷ್ಟೇ ಎತ್ತಿದರು, ಪರವೂರಿನ ತಂಡದ ಮೇಲೆ ಒಂದು ಸಲವೂ ಎತ್ತಲಿಲ್ಲ. ಮನೆಯಲ್ಲೇ ಇಂಥವರಿರುವಾಗ ಹೊರಗಿನ ವೈರಿ ಯಾಕೆ ಬೇಕು, ನೀವೇ ಹೇಳಿ.

ಇದು ಅರ್ಥವಾಗಬೇಕಾದರೆ ನಮ್ಮ ಕಡೆಯ ಪದ್ಧತಿ ಗೊತ್ತಿರಬೇಕು. ಭಾಲ್ಕಿ, ಔರಾದ ಸುತ್ತಿನ ಹಳ್ಳಿಗಳ ಪಂದ್ಯಕ್ಕೆ ಅಂಪಾಯರ್ ಬೇರೆ ಎಲ್ಲಿಂದಲೂ ಬರುವುದಿಲ್ಲ. ಬ್ಯಾಟು ಮಾಡುವ ತಂಡದವರೇ ಯಾರಾದರೂ ಹೋಗಿ ನಿಲ್ಲಬೇಕು. ಔಟಾಗಿ ಬಂದವನೋ, ಇನ್ನೂ ಸರದಿ ಬಾರದವನೋ, ಒಬ್ಬ. ಅಂದರೆ ಕಳ್ಳನ ಕೈಗೇ ಕೀಲಿಕೈ. ಸ್ಟಂಪು ಹಾರಿಬಿದ್ದರೆ ಔಟು, ಅದಕ್ಕಿಂತ ಸಣ್ಣ ಅಪರಾಧಗಳಿಗೆಲ್ಲ ಮಾಫಿ. ಎರಡೂ ಕಡೆಯವರು ಹೀಗೇ ಮಾಡುವುದರಿಂದ ಯಾರಿಗೂ ಬೇಸರವಿಲ್ಲ. ಇದನ್ನು ನ್ಯಾಯ ಅನ್ನಲು ಬರುವುದಿಲ್ಲ, ಆದರೆ ಸಮಪಾಲು ಅನ್ನಬಹುದು.

ಹನ್ನೆರಡು ವರ್ಷದ ಹಿಂದೆ ಒಂದು ದಿನ ಅಂಪಾಯರ್‌ಗೆ ಜನ ಸಾಲದೆ ಹೋದಾಗ, ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಕಾಕಾನನ್ನು, ಅಂದರೆ ನಮ್ಮಪ್ಪನ ತಮ್ಮನನ್ನು, ಹಿಡಿದು ನಿಲ್ಲಿಸಿದವನು ನಾನೇ. "ಏನೂ ಮಾಡಬ್ಯಾಡ್ರಿ ಕಾಕಾ. ಸುಮ್ಮ ನಿಂದರ್ರಿ. ಯಾರರ ಒದರಿದರ ಇಲ್ಲ ಅಂತ ಗೋಣ ಅಲ್ಲಾಡಸ್ರಿ" ಅಂದೆ. ಕಾಕಾ ಎಲ್ಲ ಕೇಳಿಸಿಕೊಂಡು, "ಮತ್ತ ಖರೇನೇ ಔಟ್ ಇದ್ದರ?" ಅಂದರು. ನಾನು ನಕ್ಕೆ. ಅವತ್ತು ಅವರು ಮೊದಲು ಬೆರಳೆತ್ತಿದ್ದೇ ನನ್ನ ಮೇಲೆ.

ಅಲ್ಲಿಂದ ಅವರನ್ನು ಬಿಡಿಸಲು ಆಗಲಿಲ್ಲ. ಬೇಸಿಗೆಯಲ್ಲೂ ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು, ಅಂಗಿಯ ಜೇಬಿನಲ್ಲಿ ಆರು ಹುಣಸೆ ಬೀಜ. ಒಂದೊಂದು ಚೆಂಡಿಗೂ ಒಂದೊಂದು ಬೀಜ ಎಡಗೈಯಿಂದ ಬಲಗೈಗೆ ಹೋಗುತ್ತಿತ್ತು. ಅವರು ಎಣಿಕೆ ತಪ್ಪಿದ್ದನ್ನು ನಾನು ಕಂಡಿಲ್ಲ. ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು! ಅದೊಂದು ನೆಪ ಸಾಕಾಗಿತ್ತು ನಮಗೆ.

ಬಿಡಿಸಲಾಗದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಾವು ಆಡುವ ಮೈದಾನ ಅವರದೇ ಹೊಲ. ಸೋಯಾ ತೆಗೆದ ಮೇಲೆ ಎಲ್ಲರೂ ಕಡಲೆ ಬಿತ್ತಿದರೆ ಕಾಕಾ ಮಾತ್ರ ಆ ಎರಡು ಎಕರೆ ಖಾಲಿ ಬಿಡುತ್ತಿದ್ದರು. ಶೀಗಿ ಹುಣ್ಣಿಮೆಯ ಆಸುಪಾಸು ನಡುವೆ ಇಪ್ಪತ್ತೆರಡು ಹೆಜ್ಜೆ ಅಳೆದು, ನೀರು ಚಿಮುಕಿಸಿ, ತಮ್ಮ ನಲವತ್ತು ಕುರಿಗಳನ್ನು ಅದರ ಮೇಲೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಹೊಡೆಯುತ್ತಿದ್ದರು. ನೂರಾರು ಗೊರಸು ತುಳಿದು ತುಳಿದು ಮಣ್ಣು ಗಟ್ಟಿಯಾಗುತ್ತಿತ್ತು. ಕೊನೆಗೆ ಕೂತು ಹಿಕ್ಕೆಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಆರಿಸುವಾಗ ಬಿಟ್ಟುಹೋದ ಹಿಕ್ಕೆಯ ಮೇಲೆ ಬಿದ್ದ ಚೆಂಡು ಯಾವ ಕಡೆ ತಿರುಗುತ್ತಿತ್ತು ಎನ್ನುವುದನ್ನು ಆ ಪರಮಾತ್ಮನೇ ಬಲ್ಲ.

ಹೀಗಾಗಿ ಸುತ್ತಲಿನ ಊರುಗಳಲ್ಲಿ ನಮ್ಮ ತಂಡಕ್ಕೆ ಬಹಳ ಮರ್ಯಾದೆ. ಎಲ್ಲಿ ಪಂದ್ಯಾವಳಿ ಆದರೂ ಮೊದಲ ಫೋನು ನಮಗೇ.

"ಅಂಪಾಯರ್ ಕಾಕಾ ಬರ್ತಾರಿಲ್ಲರಿ?"

"ಬರ್ತಾರ."

"ಹಂಗಾರ ನಿಮ್ಮ ಟೀಮ್ ಹೆಸರು ಮೊದಲು ಬರಕೋತೇವಿ ನೋಡ್ರಿ."

ಕರೆಯುತ್ತಿದ್ದರು, ಉಪಚಾರ ಮಾಡುತ್ತಿದ್ದರು, ಸೋಲಿಸಿ ಕಳಿಸುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಕಪ್ ನಮ್ಮೂರಿಗೆ ಬಂದಿರಲಿಲ್ಲ. ನಾನು ಆರು ವರ್ಷದಿಂದ ತಂಡದ ನಾಯಕ. ಭಾಲ್ಕಿಯ ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ, ಹೇಳಿಕೊಳ್ಳಲು ಜಗತ್ತಿನಲ್ಲಿದ್ದದ್ದು ಆ ನಾಯಕತನ ಒಂದೇ. ಒಂದು ಕಪ್ ಬೇಕಿತ್ತು ನನಗೆ. ಅದರ ಮುಂದೆ ಬೇರೆ ಯಾವುದೂ ದೊಡ್ಡದಾಗಿ ಕಾಣುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹೋದ ಸಲದ ಎಳ್ಳಮಾವಾಸ್ಯೆಗೆ ಕಾಕಾನ ಹೊಸ ಅಳಿಯ ಬಂದಿದ್ದ. ಹೊಲದಲ್ಲೇ ಊಟ, ಭಜ್ಜಿ, ಅಂಬಲಿ, ರೊಟ್ಟಿ. ಉಂಡ ಮೇಲೆ ಆಟ. ಅಳಿಯನಿಗೆ ಮೊದಲ ಬ್ಯಾಟು ಕೊಟ್ಟು ಮರ್ಯಾದೆ ಮಾಡಿದೆವು. ಮೊದಲ ಚೆಂಡು ಅವನ ಮೊಣಕಾಲಿನ ಕೆಳಗೆ ಬಡಿಯಿತು. ನಮ್ಮ ಕಡೆ ಕಾಲಿಗೆ ಬಡಿದರೆ ಯಾರೂ ಔಟು ಕೊಡುವುದಿಲ್ಲ, ಜಗಳವಾಗುತ್ತದೆ ಅಂತ ಎಲ್ಲರೂ ಬಿಟ್ಟುಬಿಟ್ಟಿದ್ದಾರೆ. ಕಾಕಾ ಬಿಟ್ಟಿರಲಿಲ್ಲ. ಬೆರಳು ಮೇಲೆ ಹೋಯಿತು. ಬದುವಿನ ಮೇಲೆ ಕೂತಿದ್ದ ಕಾಕಿ ಎದ್ದು ನಿಂತರು.

"ಮದಿವ್ಯಾಗ ಆ ಕಾಲು ತೊಳದು ನೀರು ತಲಿಮ್ಯಾಲ ಹಾಕೊಂಡೀರಿ. ಈಗ ಅದೇ ಕಾಲಿಗಿ ಔಟ್ ಕೊಡ್ತೀರೇನ್ರಿ?"

"ತೊಳ್ಯಾದು ಬ್ಯಾರೆ. ಸ್ಟಂಪಿಗಿ ಅಡ್ಡ ಇಡೋದು ಬ್ಯಾರೆ."

ಅಳಿಯ ಬ್ಯಾಟು ಇಟ್ಟು ನೇರ ಮೋಟಾರ್ ಸೈಕಲ್ಲಿನ ಕಡೆ ನಡೆದ. ಮಗಳು ಹೋಳಿ ಹುಣ್ಣಿಮೆಯವರೆಗೂ ಅಪ್ಪನ ಫೋನು ಎತ್ತಲಿಲ್ಲ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಬೇರೆಯವರ ಕಾಲಿಗೆ ಬಡಿದಾಗ ನಗುವುದು ಬಹಳ ಸುಲಭ.

ನನ್ನ ಸರದಿ ಎರಡು ತಿಂಗಳಿಗೆ ಬಂತು. ಭಾಲ್ಕಿಯ ಪಂದ್ಯಾವಳಿಯಲ್ಲಿ ನಾವು ಹೇಗೋ ಫೈನಲ್ ಮುಟ್ಟಿದ್ದೆವು. ಎದುರಿಗೆ ಡಾಬಕಾದವರು. ನಾಲ್ಕು ಚೆಂಡು, ಆರು ರನ್ನು, ಬ್ಯಾಟು ನನ್ನ ಕೈಯಲ್ಲಿ. ಕಪ್ಪನ್ನು ಮೇಜಿನ ಮೇಲೆ ಇಟ್ಟಿದ್ದರು, ಬಿಸಿಲಿಗೆ ಹೊಳೆಯುತ್ತಿತ್ತು. ಮುಂದಿನ ಚೆಂಡು ನನ್ನ ಬ್ಯಾಟಿನ ಅಂಚಿಗೆ ಕೂದಲೆಳೆಯಷ್ಟು ಸವರಿ ಕೀಪರ್ ಕೈ ಸೇರಿತು. ಸಪ್ಪಳವೇ ಇಲ್ಲ. ಎಸೆದವನಿಗೂ ಗೊತ್ತಾಗಲಿಲ್ಲ. ಕೀಪರ್ ಮಾತ್ರ ಅಭ್ಯಾಸಬಲದಿಂದ, ಅರೆಮನಸ್ಸಿನಿಂದ "ಹೌದೇನ್ರಿ ಕಾಕಾ?" ಅಂದ. ಕಾಕಾ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಬೆರಳೆತ್ತಿದರು.

ಎರಡು ರನ್ನಿನಿಂದ ಸೋತೆವು. ನಾನು ಬ್ಯಾಟನ್ನು ನೆಲಕ್ಕೆ ಬಡಿದು, ಎರಡೂ ತಂಡದವರು, ಭಾಲ್ಕಿಯ ಅಷ್ಟೂ ಜನ ಕೇಳುವಂತೆ ಒಂದು ಮಾತು ಅಂದೆ.

"ಕುರಿ ಕಾಯೋರಿಗಿ ಆಟ ಏನ್ ತಿಳೀತದ? ಕುರಿ ಕಾಯೋದಷ್ಟೇ ತಿಳೀತದ."

ಅವರು ಕಾದ ಕುರಿಗಳ ಹಣದಿಂದಲೇ ನಾನು ಕಾಲೇಜು ಕಲಿತದ್ದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಕಾಕಾ ಕಂಬಳಿ ಸರಿಮಾಡಿಕೊಂಡರು. ವಾಪಸ್ಸು ಬರುವಾಗ ಟೆಂಪೋದಲ್ಲಿ ನಮ್ಮ ಜೊತೆ ಕೂರದೆ ಬಸ್ಸಿಗೆ ಬಂದರು.

ಮರುದಿನ ಮಾರುತಿ ಗುಡಿಯ ಕಟ್ಟೆಯ ಮೇಲೆ ಕ್ಲಬ್ಬಿನ ಸಭೆ. ಸಭೆ ಎಂದರೆ ಹದಿನಾಲ್ಕು ಜನ, ಒಂದೇ ಠರಾವು: ಇನ್ನು ಮುಂದೆ ಕಾಕಾ ಅಂಪಾಯರ್ ಅಲ್ಲ. ತಿಳಿಸುವ ಕೆಲಸ ನಾಯಕನದು. ಕಾಕಾನನ್ನು ಬೇಕೆಂದೇ ಅಲ್ಲಿಗೆ ಕರೆಸಿದ್ದೆವು. ನಾನು ಗುಡಿಯ ಗಂಟೆ ನೋಡುತ್ತ ಹೇಳಿ ಮುಗಿಸಿದೆ.

"ಬರಾಬರ್," ಅಂದರು ಕಾಕಾ. ಜೇಬಿಗೆ ಕೈ ಹಾಕಿ ಆರು ಹುಣಸೆ ಬೀಜ ತೆಗೆದರು. "ಇವು ಯಾರಿಗಿ ಕೊಡ್ಲಿ?"

ಯಾರೂ ಕೈ ಚಾಚಲಿಲ್ಲ. ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋದರು. ಎಲ್ಲರೂ ಎದ್ದುಹೋದ ಮೇಲೆ ನಾನು ಅವನ್ನು ಜೇಬಿಗೆ ಹಾಕಿಕೊಂಡೆ. ಯಾಕೆ ಅಂತ ಕೇಳಬೇಡಿ.

ಮಳೆಗಾಲ ಕಳೆಯಿತು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಮೇಲಿಂದ ಕಾಕಿಯ ಉಪ್ಪಿನಕಾಯಿ ಬರುತ್ತಿತ್ತು, ಕಾಕಾನ ಕೆಮ್ಮು ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ನಾನೂ ಆಡಿಸಲಿಲ್ಲ. ನಾನು ನಾಯಕನಲ್ಲವೇ, ನನಗೆ ಸೊಕ್ಕು ಬೇಡವೇ?

ಸೋಯಾ ರಾಶಿ ಮುಗಿದಾಗ ಹುಡುಗರಿಗೆ ಚಿಂತೆ ಹತ್ತಿತು. "ಈ ವರ್ಷ ಕಾಕಾ ಅಲ್ಲಿ ಕಡ್ಲಿ ಬಿತ್ತತಾರ ನೋಡು. ಬಿತ್ತಲಿ ಮತ್ತ, ನಾವ್ ಮಾಡಿದ್ದೇನ್ ಕಡಿಮಿ ಅದ?" ಅಂದ ಗಿರಣಿಯವನು. ಹಿಟ್ಟಿನ ಗಿರಣಿ ನಡೆಸುವ ಇವನು ನಮ್ಮ ಕೊನೆಯ ಬ್ಯಾಟುಗಾರ, ತಂಡದಲ್ಲಿ ಸ್ವಲ್ಪ ಬುದ್ಧಿ ಇದ್ದವನೂ ಇವನೊಬ್ಬನೇ. ಬೇರೆ ಹೊಲ ಕೇಳೋಣವೆಂದು ಮಾತಾಡಿಕೊಂಡು, ಯಾವುದಕ್ಕೂ ಒಮ್ಮೆ ನೋಡಿ ಬರೋಣವೆಂದು ಹೋದೆವು. ಹೊಲ ಖಾಲಿ ಬಿದ್ದಿತ್ತು. ನಡುವೆ ಇಪ್ಪತ್ತೆರಡು ಹೆಜ್ಜೆ ಗಟ್ಟಿ ನೆಲ, ಒತ್ತೊತ್ತಾಗಿ ಗೊರಸಿನ ಗುರುತು. ಗಿರಣಿಯವನು ಬಗ್ಗಿ ಹುಡುಕಿದ. ಒಂದು ಹಿಕ್ಕೆಯೂ ಸಿಗಲಿಲ್ಲ.

ಅವತ್ತೇ ಹೋಗಿ ಕಾಲು ಹಿಡಿಯಬೇಕಿತ್ತು. ನಾಳೆ ಹೋದರಾಯಿತು ಅಂದುಕೊಂಡೆ. ಆ ನಾಳೆ ಎರಡು ತಿಂಗಳು ಎಳೆಯಿತು.

ಈ ವರ್ಷದ ಪಂದ್ಯಾವಳಿ ಔರಾದದಲ್ಲಿ. ಕಾಕಾ ಇಲ್ಲದ ನಮ್ಮ ತಂಡ ನೋಡಬೇಕಿತ್ತು ನೀವು! ನಾವೂ ಎಲ್ಲರ ಹಾಗೆ ಗೋಣು ಅಲ್ಲಾಡಿಸುವುದನ್ನು ಕಲಿತೆವು. ಅದೇನು ಕಷ್ಟದ ವಿದ್ಯೆಯಲ್ಲ, ಒಂದು ಪಂದ್ಯಕ್ಕೆ ಕರಗತವಾಗುತ್ತದೆ. ಒಂದರ ಮೇಲೊಂದು ಗೆದ್ದು ಫೈನಲ್ಲಿಗೆ ಬಂದೆವು, ಎದುರಿಗೆ ಮತ್ತೆ ಡಾಬಕಾದವರು. ನಾನು ಬೇಗ ಔಟಾದೆ. ಔಟಾದವನು ಅಂಪಾಯರ್ ನಿಲ್ಲಬೇಕಲ್ಲ, ನಿಂತೆ. ಕೈಯಲ್ಲಿ ಅದೇ ಆರು ಬೀಜ.

ಕೊನೆಯ ಓವರು, ಕೊನೆಯ ಜೋಡಿ, ಮೂರು ರನ್ನು ಬೇಕು. ಗಿರಣಿಯವನು ಬ್ಯಾಟು ಬೀಸಿದ. ಚೆಂಡು ಅಂಚು ಸವರಿ ಕೀಪರ್ ಕೈಗೆ ಹೋಯಿತು. ಈ ಸಲ ಸಪ್ಪಳವೂ ಇತ್ತು. ಡಾಬಕಾದ ಹನ್ನೊಂದೂ ಜನ ನನ್ನ ಕಡೆ ತಿರುಗಿದರು. ಗಿರಣಿಯವನೂ ನೋಡಿದ. ಬಡಪಾಯಿ, ಆಗಲೇ ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ಹೊರಡಲು ಒಂದು ಹೆಜ್ಜೆ ಇಟ್ಟಿದ್ದ. ನಾನು ಗೋಣು ಅಲ್ಲಾಡಿಸಿದೆ.

ಮುಂದಿನ ಚೆಂಡಿಗೆ ಅವನು ಕಣ್ಣುಮುಚ್ಚಿ ನಾಲ್ಕು ಹೊಡೆದ. ಗೆದ್ದೆವು. ಹುಡುಗರು ನನ್ನನ್ನು ಹೊತ್ತು ಕುಣಿದರು. ಕೆಳಗಿಳಿಸಿದಾಗ ಡಾಬಕಾದ ನಾಯಕ ಬಂದು ಕೈ ಕುಲುಕಿದ. ಅವನು ಜಗಳ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಒಂದೇ ಮಾತು ಕೇಳಿದ.

"ನಿಮ್ಮ ಕಾಕಾ ಯಾಕ ಬಂದಿಲ್ಲರಿ ಈ ಸಲ?"

ಟ್ರ್ಯಾಕ್ಟರಿನಲ್ಲಿ ಮೆರವಣಿಗೆ. ಮುಂದೆ ಹಲಗೆಯ ಬಡಿತ, ಮೇಲೆ ಗುಲಾಲು. ನನ್ನ ಮುಖದ ತುಂಬ ಕೆಂಪು, ಕೈಯಲ್ಲಿ ಆರು ವರ್ಷದಿಂದ ಕನಸು ಕಂಡ ಕಪ್. ಮನೆಯಲ್ಲಿ ತಗಡಿನ ಕೊಡ ಇದಕ್ಕಿಂತ ಭಾರ ಇರುತ್ತದೆ. ಊರ ಬಾಗಿಲಲ್ಲಿ ಇಳಿದು, ಹೊತ್ತು ಮುಳುಗುವ ಮುಂಚೆ ನೇರ ಕಾಕಾನ ಕುರಿಹಟ್ಟಿಗೆ ಹೋದೆ. ತೋರಿಸಲು ಹೋದೆನೋ, ಒಪ್ಪಿಸಲು ಹೋದೆನೋ, ಈಗಲೂ ಹೇಳಲಾರೆ.

ಕಾಕಾ ಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಮುಖ ನೋಡುತ್ತಿದ್ದರು. ಕಪ್ಪನ್ನು ಅವರ ಮುಂದಿಟ್ಟೆ.

"ಗೆದ್ದೇವ್ರಿ ಕಾಕಾ."

"ಹೂಂ. ಹಲಗಿ ಸಪ್ಪಳ ಕೇಳಸ್ತು."

ಕಪ್ಪಿನ ಕಡೆ ನೋಡಲಿಲ್ಲ. ನಾನು ಹತ್ತು ತಿಂಗಳಿಂದ ಒಳಗಿಟ್ಟುಕೊಂಡಿದ್ದನ್ನು ಕೇಳಿದೆ. "ಅವತ್ತು ಭಾಲ್ಕ್ಯಾಗ ಚೆಂಡು ನನ್ನ ಬ್ಯಾಟಿಗಿ ಹತ್ತಿದ್ದು ನಿಮಗ ಹ್ಯಾಂಗ ಕಾಣಸ್ತ್ರಿ? ಯಾರಿಗೂ ಕಾಣಸಿದ್ದಿಲ್ಲ."

"ನನಗೂ ಕಾಣಸಿಲ್ಲ," ಅಂದರು ಕಾಕಾ. "ಅಷ್ಟು ಸಣ್ಣದು ಅಷ್ಟು ದೂರಿಂದ ಯಾರಿಗಿ ಕಾಣ್ತದ? ನಾ ಒಂದು ದಿನಾನೂ ಚೆಂಡು ನೋಡಿಲ್ಲ. ನಿಮ್ಮ ಮಾರಿ ನೋಡ್ತಿದ್ದೆ."

"ಮಾರಿ?" ನಾನು ನನ್ನ ಮುಖ ಮುಟ್ಟಿಕೊಂಡೆ.

"ಈ ಮರಿಗಿ ಜಡ್ಡು ಅದ. ಬಾಯಿ ಬಿಟ್ಟು ಹೇಳ್ತದೇನು? ಮಾರಿ ನೋಡಿದರ ತಿಳೀತದ. ನೀವೂ ಹಂಗೇ. ಹುಟ್ಟಿದಾಗಿಂದ ನೋಡೀನಿ ನಿಮ್ಮ ಮಾರಿ. ಔಟ್ ಆದವ ಮೊದಲು ತಾನೇ ಔಟ್ ಕೊಟ್ಕೋತಾನ. ನಾ ಬರೇ ಬೆರಳು ಎತ್ತತಿದ್ದೆ."

"ಮತ್ತ ಅಳಿಯಂದು? ಅಂವ ಹೊಸಬ."

"ಅಂವನ ಮಾರಿ ಇನ್ನೂ ತಿಳಿದಿದ್ದಿಲ್ಲ. ಅದಕ್ಕೇ ಕಾಲು ನೋಡಬೇಕಾಯ್ತು."

ನಗು ಬರಬೇಕಿತ್ತು, ಬರಲಿಲ್ಲ. ಕುರಿ ಕಾಯೋದಷ್ಟೇ ತಿಳೀತದ ಅಂದಿದ್ದೆ ನಾನು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಇನ್ನೂ ಎದುರು ನಿಂತಿದ್ದರೆ ಅವರೇ ಕೇಳುತ್ತಾರೆಂಬ ಭಯಕ್ಕೆ ನಾನೇ ಹೇಳಿದೆ.

"ಇವತ್ತು ಔಟ್ ಇತ್ತರಿ ಕಾಕಾ. ನಾ ಕೊಡಲಿಲ್ಲ."

"ಗೊತ್ತದ. ನೀ ಹಟ್ಟಿಗಿ ಬರುವಾಗೇ ಗೊತ್ತಾಯ್ತು."

ಆ ಬೆರಳು ಈಗ ಏಳುತ್ತದೆ ಅಂತ ಕಾದೆ. ಎದ್ದಿದ್ದರೆ ಒಳ್ಳೆಯದಿತ್ತು. ಕಾಕಾನ ಬಲಗೈ ಮರಿಯ ಕುತ್ತಿಗೆಯ ಮೇಲೆ ಆಡುತ್ತಲೇ ಇತ್ತು. ಆರು ಬೀಜ ತೆಗೆದು ಅವರ ಪಕ್ಕದ ಕಲ್ಲಿನ ಮೇಲೆ ಇಟ್ಟೆ. ಅವರು ಮರಿಯನ್ನು ಕೆಳಗೆ ಬಿಟ್ಟು ಎದ್ದರು.

"ಮನಿಗಿ ನಡಿ. ಮಾರಿ ತೊಳಕೊಂಡು ಉಣ್ಣು."

ಕಪ್ಪನ್ನು ಹುಡುಗರು ಬಂದು ಒಯ್ದರು. ಅದು ಕ್ಲಬ್ಬಿನ ಕೋಣೆಯಲ್ಲಿದೆ, ಬೇಕಾದವರು ಹೋಗಿ ನೋಡಬಹುದು. ನಾನು ಕಾಕಾನ ಮನೆಯ ಬಚ್ಚಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಮುಖಕ್ಕೆ ನೀರು ಹಾಕಿಕೊಂಡೆ. ಮೊದಲು ಕೆಂಪು ನೀರು ಹರಿಯಿತು, ಆಮೇಲೆ ಬರೀ ನೀರು. ಒಳಗೆ ಕಾಕಿ ತಾಟಿಗೆ ರೊಟ್ಟಿ ಹಾಕುವ ಸಪ್ಪಳ ಕೇಳುತ್ತಿತ್ತು. ಅವರು ಬಾಗಿಲಿಗೆ ಬಂದು ನೋಡಿದರು.

"ಎಷ್ಟು ತೊಳಕೋತಿಯೋ ತಮ್ಮಾ, ಗುಲಾಲ ಯಾವಾಗೋ ಹೋಗ್ಯಾದ."

ನಾನು ಇನ್ನೊಂದು ತಂಬಿಗೆ ತುಂಬಿಕೊಂಡೆ. ಕಾಕಾ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದರು, ನಾನು ಮುಖ ಎತ್ತಲಿ ಅಂತ.