ಅತ್ತೆಯ ಕಳೆ

ಜೆ.ಪಿ. ನಗರದ ನಮ್ಮ ಸೋದರತ್ತೆಯ ಮನೆಗೆ ಹೋಗಿ, ಕೈಗೆ ಮಣ್ಣು ಮೆತ್ತಿಕೊಳ್ಳದೆ ಕಾಫಿ ಕುಡಿದು ಬಂದವರು ಯಾರಾದರೂ ಇದ್ದರೆ ತೋರಿಸಿ, ನಾನೇ ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅಲ್ಲಿ ಬಾಯಿ ಕಾಫಿ. ಮನೆಯ ಪಕ್ಕದಲ್ಲಿ ನಾಲ್ಕು ಮಂಚ ಹಾಕುವಷ್ಟು ಮಣ್ಣಿದೆ. ಬಂದವರು ಅಲ್ಲಿ ಒಂದು ಹಿಡಿ ಕಳೆ ಕಿತ್ತ ಮೇಲೆಯೇ ಒಲೆಗೆ ಹಾಲು. ನನ್ನನ್ನು ನೋಡಲು ಬಂದ ಗಂಡಿಗೂ ವಿನಾಯಿತಿ ಇರಲಿಲ್ಲ! ಪಾಪ, ಅವನು ಕಳೆಯ ಜೊತೆ ಬದನೆ ಸಸಿಯನ್ನೂ ಕಿತ್ತ. "ಈ ಸಂಬಂಧ ಬೇಡ" ಅಂದರು ಅತ್ತೆ. ಮುಗಿಯಿತು.

ಕಳೆಯಲ್ಲೂ ಅವರಿಗೆ ಎರಡು ಪಂಗಡ. ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಕೀರೆ ತಾವಾಗಿ ಹುಟ್ಟಿದರೆ ಮಸ್ಸೊಪ್ಪಿನ ಸಾರಿಗೆ. ಮಿಕ್ಕಿದ್ದನ್ನು ಹೂ ಬಿಡುವ ಮೊದಲೇ ಕಿತ್ತು ಮಣ್ಣಿನ ಮೇಲೆ ಹಾಸಬೇಕು.

"ಮಣ್ಣಿಗೂ ಹೊಟ್ಟೆ ಇದೆ ಕಣೇ. ನಾವು ಅದಕ್ಕೆ ಹಾಕಿದ್ರೆ ಅದು ನಮಗೆ ಹಾಕುತ್ತೆ."

ನಾವು ನಗುತ್ತಿದ್ದೆವು. ಕೊರೊನಾ ಬಂತು, ಅಂಗಡಿ ಮುಚ್ಚಿತು, ತರಕಾರಿ ಗಾಡಿಯೂ ನಾಪತ್ತೆ. ಆಗ ಅಕ್ಕಪಕ್ಕದ ಮನೆಗಳಿಗೆಲ್ಲ ಮಸ್ಸೊಪ್ಪಾಗಿದ್ದು ಆ ನಾಲ್ಕು ಮಂಚದಗಲದ ಮಣ್ಣಿನಿಂದಲೇ. ಆಮೇಲೆ ಕಳೆ ಕೀಳಲು ಜನ ಕ್ಯೂ ನಿಂತರು!

ಈ ವರ್ಷ ಅತ್ತೆ ಟೈಫಾಯಿಡ್ ಬಂದು ಆಸ್ಪತ್ರೆ ಸೇರಿದರು. ಬರುವಷ್ಟರಲ್ಲಿ ತೋಟ ಫಳಫಳ ಅನ್ನಿಸಬೇಕೆಂದು ನಾನು ಹಠ ತೊಟ್ಟೆ. ಕಂಡದ್ದನ್ನೆಲ್ಲ ಕಿತ್ತು, ಹಾಸಿದ್ದನ್ನೆಲ್ಲ ಗುಡಿಸಿ ಕಸದ ಗಾಡಿಗೆ ಹಾಕಿದೆ. ಸೇವಂತಿಗೆಯ ಎಲೆಯಿದ್ದ ಒಂದು ಸಾಲನ್ನು ಮಾತ್ರ ಉಳಿಸಿ, ದಿನಾ ನೀರು ಹಾಕಿ, ಬಿಳಿ ಹೂ ಬಿಟ್ಟಾಗ ಫೋಟೊ ಕಳಿಸಿದೆ: "ಅತ್ತೆ, ನಿಮ್ಮ ಸೇವಂತಿಗೆ!"

ಮರುಕ್ಷಣವೇ ಫೋನು. "ಅಯ್ಯೋ ಮಹರಾಯ್ತಿ, ಅದು ಪಾರ್ಥೇನಿಯಂ ಕಣೇ! ಬೀಜ ಉದುರೋ ಮುಂಚೆ ಕಿತ್ತಾಕು! ನನ್ನ ಸೊಪ್ಪೆಲ್ಲಿ?"

ನರ್ಸ್ ಓಡಿ ಬಂದರಂತೆ, ಬಿಪಿ ನೋಡಲು.

ಮನೆಗೆ ಬಂದ ಅತ್ತೆಯನ್ನು ನೋಡಿ ನನ್ನ ನಗುವೆಲ್ಲ ಇಳಿದುಹೋಯಿತು. ಕೆನ್ನೆ ಬತ್ತಿತ್ತು. ಏನು ಬಡಿಸಿದರೂ ಎರಡು ತುತ್ತಿಗೆ ತಟ್ಟೆ ಸರಿಸುವರು. "ಬಾಯಿಗೆ ಏನೂ ಸೇರ್ತಿಲ್ಲ ಕಣೇ. ಒಂದು ಮಸ್ಸೊಪ್ಪಿದ್ದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಿಂದ ಕಟ್ಟುಗಟ್ಟಲೆ ಸೊಪ್ಪು ತಂದು ಮಾಡಿದೆ. ಅದೂ ಇಳಿಯಲಿಲ್ಲ. ಡಾಕ್ಟರು ಹೀಗೇ ಆದರೆ ಮತ್ತೆ ಅಡ್ಮಿಟ್ ಮಾಡಬೇಕು ಎಂದರು.

"ನಾನೇ ಎಲ್ಲ ಹಾಳು ಮಾಡ್ದೆ ಅತ್ತೆ."

"ಮೇಲಿಂದು ತಾನೆ ಕಿತ್ತಿದ್ದು? ಬೀಜ ಒಳಗಿದೆ ಬಿಡು. ಕುರ್ಚಿ ತಗೊಂಡೋಗಿ ಅಲ್ಲಿ ಹಾಕು."

ಕುರ್ಚಿಯಲ್ಲಿ ಕೂತೇ ದರ್ಬಾರು! ನನ್ನ ಕೈಯಲ್ಲೇ ತರಗೆಲೆ ಹಾಸಿಸಿದರು, ಸಗಣಿ ಗೊಬ್ಬರ ಹಾಕಿಸಿದರು, ನೀರು ಚಿಮುಕಿಸಿದರು. ಎರಡು ಮಳೆ ಬಿತ್ತು. ಮೂರನೇ ವಾರ, ಯಾರೂ ಬಿತ್ತದ ಸೊಪ್ಪು ನೆಲ ಕಾಣದಂತೆ ಎದ್ದು ನಿಂತಿತ್ತು.

ಅಂದು ಅತ್ತೆ ಮುದ್ದೆ ಮುರಿದು ಮಸ್ಸೊಪ್ಪಿಗೆ ಅದ್ದಿದರು. ಇನ್ನೊಂದು ಸೌಟು ಕೇಳಿದರು. ಮತ್ತೊಂದು!

"ಅತ್ತೆ, ಈಗ ನಿಮ್ಮ ಮುಖದಲ್ಲಿ ಕಳೆ ಬಂತು ನೋಡಿ" ಅಂದೆ.

"ಹೌದಾ? ನೀನು ಅದನ್ನೂ ಕಿತ್ತಾಕ್ಬಿಟ್ಟೀಯ, ದೂರ ಕೂತ್ಕೋ!"

ನಗುತ್ತಲೇ ಇದ್ದೆ, ಯಾಕೋ ಅಳು ಬಂತು. ಅತ್ತೆ ಎಂಜಲು ಕೈಯಲ್ಲೇ ಒಂದು ತುತ್ತು ನನ್ನ ಬಾಯಿಗಿಟ್ಟರು.