ಬಿಳಿ ಗವಸಿನ ಅಡ್ಮಿರಲ್

ಮೂವತ್ತಾರು ವರ್ಷ ಹಡಗು, ಬಂದರು, ಸಾವಿರಾರು ನಾವಿಕರನ್ನು ಆಳಿದವನಿಗೆ ಮೂರು ಕೋಣೆಯ ಫ್ಲ್ಯಾಟು ಯಾವ ಲೆಕ್ಕ ಎಂದುಕೊಂಡೇ ರಿಯರ್ ಅಡ್ಮಿರಲ್ ಪ್ರಶಾಂತ ಕರ್ಕೇರರು ನಿವೃತ್ತರಾಗಿ ಮುಂಬಯಿ ಅಂಧೇರಿಯ ಮನೆಗೆ ಬಂದರು. ಒಂದೇ ವಾರದಲ್ಲಿ ಮನೆಯನ್ನು ಯುದ್ಧನೌಕೆಯ ಹಾಗೆ ಹೊಳೆಯುವಂತೆ ಮಾಡುತ್ತೇನೆಂದು, ಹೆಂಡತಿ ಶೀಲಾವತಿ ಕೇಳದಿದ್ದರೂ, ಮಾತು ಕೊಟ್ಟರು.

ಹಡಗಿನಲ್ಲಿ ಒಂದು ಪದ್ಧತಿಯಿದೆ. ಕಪ್ತಾನ ಬಿಳಿ ಕೈಗವಸು ತೊಟ್ಟು ಮೂಲೆಮೂಲೆಯಲ್ಲಿ ಬೆರಳಾಡಿಸುತ್ತಾನೆ. ಗವಸು ಕಪ್ಪಾದರೆ ಆ ವಿಭಾಗದವರ ಕಥೆ ಮುಗಿಯಿತು. ಸೋಮವಾರ ಬೆಳಿಗ್ಗೆ ಕರ್ಕೇರರು ಗವಸು ತೊಟ್ಟು, ಸ್ಟೂಲು ಹತ್ತಿ, ಫ್ರಿಜ್ಜಿನ ನೆತ್ತಿ ಸವರಿದರು.

“ರಂಜನಾ, ಇದೇನು?”

ಅಕ್ಕಲಕೋಟೆ ಕಡೆಯ ರಂಜನಾ ಹನ್ನೊಂದು ವರ್ಷದಿಂದ ಆ ಮನೆಯ ಕಸಮುಸುರೆ ಮಾಡುತ್ತಿದ್ದವಳು. ಗವಸನ್ನು ನೋಡಿದಳು, ಸಾಹೇಬರನ್ನು ನೋಡಿದಳು.

“ಧೂಳರೀ ಸಾಹೇಬ್ರ. ಹೆಂಗೂ ಮ್ಯಾಲೆ ಹತ್ತೀರಿ, ಒರಸಿಬಿಡ್ರಿ,” ಎಂದವಳೇ ಪೊರಕೆ ಇಟ್ಟು ಹೊರಟುಹೋದಳು.

“ಹೋಗಲಿ ಬಿಡು, ನಾಳೆಯೇ ಬೇರೆಯವಳು ಬರ್ತಾಳೆ,” ಎಂದರು ಅಡ್ಮಿರಲ್.

ಬರಲಿಲ್ಲ. ಗವಸಿನ ಸುದ್ದಿ ಲಿಫ್ಟಿಗಿಂತ ಬೇಗ ಏಳೂ ಮಹಡಿ ಮುಟ್ಟಿತ್ತು. ಬಿಲ್ಡಿಂಗಿನ ಒಬ್ಬ ಕೆಲಸದವಳೂ ಅವರ ಬೆಲ್ ಒತ್ತಲು ಒಪ್ಪಲಿಲ್ಲ. ಗುರುವಾರದ ಹೊತ್ತಿಗೆ ಅಡ್ಮಿರಲರು ಏಪ್ರನ್ ಕಟ್ಟಿಕೊಂಡು ಕುಕ್ಕರಿನ ತಳದ ಮೇಲೆ ದಾಳಿ ನಡೆಸಿ ಸೋಲುತ್ತಿದ್ದರು.

“ಅಲ್ಲ ಮಾರಾಯ್ರೇ,” ಎಂದರು ಶೀಲಾವತಿ, “ಆದಿತ್ಯವಾರ ನಿಮ್ಮ ಹಳೇ ಬಾಸ್ ಊಟಕ್ಕೆ ಬರ್ತಾರೆ, ಒಟ್ಟಿಗೆ ಹನ್ನೆರಡು ಜನ. ಕೋರಿ ರೊಟ್ಟಿ ನಾನು ಮಾಡ್ತೇನೆ. ಅಷ್ಟು ಪಾತ್ರೆ ನೀವು ತೊಳೀತೀರಾ, ಅಲ್ಲ ಅವಳನ್ನು ಕರ್ಕೊಂಡು ಬರ್ತೀರಾ?”

“ನಾನು ಹೋಗಿ ಕ್ಷಮೆ ಕೇಳುವುದಾ? ನಾನು ರಿಯರ್ ಅಡ್ಮಿರಲ್.”

“ಹೌದು. ಹೋಗುವಾಗ ಆ ಏಪ್ರನ್ ಬಿಚ್ಚಿಡಿ.”

ಗೇಟಿನ ಬಳಿ ಚಹಾ ಕುಡಿಯುತ್ತಿದ್ದ ರಂಜನಾಳ ಮುಂದೆ ನೌಕಾಪಡೆ ಶರಣಾಯಿತು. ಅವಳದು ಒಂದೇ ಷರತ್ತು.

“ನಾ ನೆಲ ಒರಸೂ ಮುಂದ ನೀವು ಸೋಫಾದ ಮ್ಯಾಲೆ ಕಾಲ್ ಮ್ಯಾಲೆತ್ತಿ ಕುಂದರಬೇಕು. ಒಣಗೂ ತನಕ ಇಳಿಯಂಗಿಲ್ಲ, ಮಾತಾಡಂಗಿಲ್ಲ.”

ಭಾನುವಾರ ಅತಿಥಿಗಳು ನೌಕಾಪಡೆಯ ಶಿಸ್ತಿನಂತೆ ಹದಿನೈದು ನಿಮಿಷ ಮೊದಲೇ ಬಂದರು. ಶೀಲಾವತಿ ಬಾಗಿಲು ತೆರೆದರು. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ, ತುಟಿ ಬಿಗಿದು ಕೂತಿದ್ದ ಕರ್ಕೇರರು ತಮ್ಮ ಹಳೇ ಬಾಸ್, ಐದು ವರ್ಷದ ಹಿಂದೆ ನಿವೃತ್ತರಾದ ವೈಸ್ ಅಡ್ಮಿರಲ್ ಅಣವೀರಪ್ಪನವರನ್ನು ಕಂಡು ಸೆಲ್ಯೂಟಿಗೆ ಏಳಹೊರಟರು. ರಂಜನಾ ಒದ್ದೆ ಬಟ್ಟೆ ಹಿಡಿದು ತಿರುಗಿ ನೋಡಿದಳು. ಕೂತರು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಒದ್ದೆ ನೆಲಕ್ಕೆ ಕಾಲಿಡದೆ ಅದೂ ಆಗುವಂತಿರಲಿಲ್ಲ.

ಅಣವೀರಪ್ಪನವರು ಹೊಸ್ತಿಲಾಚೆಯೇ ನಿಂತು, ಹಿಂದಿದ್ದವರನ್ನು ಕೈ ಚಾಚಿ ತಡೆದರು. ಸೋಫಾವನ್ನು ಆಸೆಗಣ್ಣಿನಿಂದ ನೋಡಿದರು.

“ಪುಣ್ಯಾ ಮಾಡೀ ಬಿಡಪಾ ಕರ್ಕೇರಾ,” ಎಂದರು. “ನಮ್ಮನ್ಯಾಗ ಒಣಗೂ ತನಕ ನನ್ನನ್ನ ಲಿಫ್ಟಿನ ಮುಂದ ನಿಂದರಸ್ತಾರ.”