ಕದಲದ ಸಭಿಕರು

ನನ್ನ ಭಾಷಣವನ್ನು ಪೂರ್ತಿ ಕೇಳಿದ ಜೀವಿ ತಾಂಡೂರಿನಲ್ಲಿ ಇನ್ನೂ ಹುಟ್ಟಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಗಂಟೆ ಬಾರಿಸುವವರೆಗಾದರೂ ಮಕ್ಕಳು ಕೂರುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಗಂಟೆಯ ಆಸರೆಯೂ ತಪ್ಪಿತು.

ನಮ್ಮ ಕಾಲೊನಿಯ ಕಸದ ಬಯಲನ್ನು ಎಲ್ಲರೂ ಸೇರಿ ತೋಟ ಮಾಡಿದಾಗ, ಭಾನುವಾರಗಳಂದು ಅಲ್ಲಿ ಸಸ್ಯಗಳ ಬಗ್ಗೆ ಉಪನ್ಯಾಸ ಕೊಡುವ ಗುರುತರ ಹೊಣೆಯನ್ನು ನಾನು ಹೊತ್ತುಕೊಂಡೆ. (ಯಾರೂ ಹೊರಿಸಿರಲಿಲ್ಲ.) ಮೊದಲ ವಾರ ನಾನಿನ್ನೂ ಪೀಠಿಕೆಯಲ್ಲಿದ್ದೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ ಸಾಯಪ್ಪ ಚಹಾಕ್ಕೆಂದು ಎದ್ದುಹೋದವನು ತಿರುಗಿ ಬರಲಿಲ್ಲ. ಮರುವಾರ ಪಕ್ಕದ ಮನೆಯ ಬಾಲಮಣಿ ಕುಕ್ಕರ್ ಕೂಗಿತೆಂದು ಎದ್ದಳು, ಹಿಂದೆಯೇ ಇಡೀ ಸಾಲು ಎದ್ದಿತು. ಅಷ್ಟೊಂದು ಕುಕ್ಕರುಗಳು ಕೂಗಿದ್ದು ನನ್ನೊಬ್ಬನಿಗೇ ಕೇಳಿಸಿರಲಿಲ್ಲ. ಇನ್ನೊಮ್ಮೆ ಹೀಗಾದರೆ ಭಾಷಣಕ್ಕೆ ಮಂಗಳ ಹಾಡಿಬಿಡುವುದೆಂದು ನಿಶ್ಚಯಿಸಿದೆ. ನಿಜ ಹೇಳುತ್ತೇನೆ, ಬಹಳ ನೋವಾಗಿತ್ತು.

ಆಗ ನನ್ನ ಧರ್ಮಪತ್ನಿ ಪ್ರೇಮಲಾ, ಈ ಭಾನುವಾರ ತಾನೂ ಅಲ್ಲೇ ಎಲೆಯಚ್ಚಿನ ಕಲೆ ಕಲಿಸುವುದಾಗಿ ಹೇಳಿದಳು. ಅಳಲೆಕಾಯಿ ನೀರಿನಲ್ಲಿ ನೆನೆಸಿದ ಬಟ್ಟೆಯ ಮೇಲೆ, ತುಕ್ಕಿನ ನೀರಿನಲ್ಲಿ ಅದ್ದಿದ ಎಲೆಯನ್ನಿಟ್ಟು ಒತ್ತಿದರೆ ಕಪ್ಪು ಅಚ್ಚು ಮೂಡುತ್ತದಂತೆ. ಮೂಡಲಿ. ನಾನು ಬೆರಗಾದದ್ದು ಆಮೇಲಿನ ಮಾತಿಗೆ.

"ನೀವು ಭಾಷಣ ಮೊಟಕ ಮಾಡಬ್ಯಾಡ್ರಿ. ಅರ್ಧಾ ತಾಸರೆ ಆಗ್ಬೇಕು ನೋಡ್ರಿ."

ಮದುವೆಯಾದಾಗಿನಿಂದ 'ಸಾಕ್ ಮಾಡ್ರಿ' ಎಂಬ ಮಂತ್ರವೊಂದನ್ನೇ ಜಪಿಸಿದ ಬಾಯಿಂದ ಇಂಥ ವರ! ನನ್ನ ಕಣ್ಣು ತುಂಬಿ ಬಂತು.

ಭಾನುವಾರ ಇಸ್ತ್ರಿಯ ಪಂಚೆಯುಟ್ಟು ಹೋದರೆ, ಎಲ್ಲರೂ ಸಾಯಪ್ಪ ತಂದುಹಾಕಿದ್ದ ಫರಸಿಗಳ ಮೇಲೆ ಶಿಸ್ತಾಗಿ ಕುಳಿತಿದ್ದರು. ಒಬ್ಬೊಬ್ಬರ ಕೆಳಗೂ ಎರಡೆರಡು ಕಲ್ಲು ಪೇರಿಸಿತ್ತು. ಎತ್ತರದಲ್ಲಿ ಕೂತರೆ ನನ್ನ ಮುಖ ಚೆನ್ನಾಗಿ ಕಾಣಲೆಂದು ಇರಬೇಕು ಅಂದುಕೊಂಡೆ.

ಬೇವಿನಿಂದ ಶುರು ಮಾಡಿದೆ. ಯಾರೂ ಅಲುಗಲಿಲ್ಲ. ಹುಣಸೆಗೆ ಬಂದೆ. ಸಾಯಪ್ಪನ ಫೋನು ಹೊಡೆದುಕೊಂಡಿತು, "ಆಮ್ಯಾಲ ಮಾತಾಡ್ತೀನಿ, ಈಗ ಏಳಂಗಿಲ್ಲ" ಎಂದು ಪಿಸುಗುಟ್ಟಿ ಇಟ್ಟುಬಿಟ್ಟ. ಬಾಲಮಣಿಯ ಕುಕ್ಕರ್ ಈ ಸಲ ನನಗೂ ಕೇಳುವಂತೆ ಕೂಗಿತು. ಆಕೆ ಹಲ್ಲು ಕಚ್ಚಿಕೊಂಡು ಕುಳಿತೇ ಇದ್ದಳು. ನನ್ನ ವಾಗ್ಝರಿಗೆ ಅಡ್ಡಿಯೇ ಇರಲಿಲ್ಲ. ಮುತ್ತಲ ಹೂವಿನ ರಹಸ್ಯ ಬಿಡಿಸಲೆಂದು ಕೈ ಮೇಲೆತ್ತಿದೆ.

ಪ್ರೇಮಲಾ ಗಡಿಯಾರ ನೋಡಿದಳು. "ಆತು, ಏಳ್ರಿ ಎಲ್ಲಾರೂ."

ಎಲ್ಲರೂ ಎದ್ದರು, ನನಗೆ ಬೆನ್ನು ಮಾಡಿ ಮೇಲಿನ ಕಲ್ಲು ಸರಿಸಿದರು. ಎರಡು ಕಲ್ಲುಗಳ ನಡುವಿನಿಂದ ಬಟ್ಟೆಗಳು ಹೊರಬಂದವು. ಎಲೆಗಳ ನರನರವೂ ಕಪ್ಪಾಗಿ ಮೂಡಿತ್ತು. ತೋಟದ ತುಂಬ ಸಂಭ್ರಮ. ನನ್ನ ಕೈ ಮಾತ್ರ ಮೇಲೆಯೇ ಉಳಿಯಿತು.

ಹಾಗಾದರೆ ಇವರೆಲ್ಲ ಕೂತಿದ್ದು ಕಲ್ಲಿಗೆ ಭಾರ ಹಾಕಲಿಕ್ಕೋ ಎಂದು ಪ್ರೇಮಲಾಳನ್ನು ತರಾಟೆಗೆ ತೆಗೆದುಕೊಂಡೆ.

"ಸುಮ್ನ ಕೂಡ್ರಿ ಅಂದ್ರ ಅರ್ಧಾ ತಾಸು ಯಾರ ಕೂಡ್ತಾರ್ರಿ?" ಅಂದಳು. "ಬ್ಯಾಸರಾಗ್ತದಲ್ಲ. ಅದಕ್ಕ ನಿಮ್ಮನ್ನ ಇಟ್ಟಿದ್ದೆ."

ಇದು ಹೊಗಳಿಕೆಯೋ ತೆಗಳಿಕೆಯೋ ನನಗಿನ್ನೂ ಗೊತ್ತಾಗಿಲ್ಲ. ಮುಖ ಸಣ್ಣದು ಮಾಡಿಕೊಂಡು ಹೊರಟಿದ್ದೆ, ಬಾಲಮಣಿ ಓಡಿ ಬಂದಳು.

"ಸರ್, ಆ ಮುತ್ತಲದ್ದು ಅರ್ಧಕ್ಕ ನಿಂತದಲ್ರಿ. ಮುಂದ ಏನು?"

ಜನ್ಮ ಸಾರ್ಥಕವಾಯಿತು. ಪಂಚೆ ಸರಿಪಡಿಸಿ, ಗಂಟಲು ಸರಿಪಡಿಸಿ, ಬಾಯಿ ತೆರೆದೆ.

"ಒಂದ್ ನಿಮಿಷ ತಡೀರಿ ಸರ್" ಎನ್ನುತ್ತ ಆಕೆ ಕಲ್ಲು ಎಳೆದುಕೊಂಡು ಕುಳಿತಳು. "ನಮ್ಮ ಅತ್ತೀದೊಂದು ಬಟ್ಟಿ ಉಳದಾದ."

ನಾನು ಮತ್ತೆ ಬೇವಿನಿಂದ ಶುರು ಮಾಡಿದೆ.